ಸರ್ವರ್‌ನ ಗಡುವು ನೋಡಿ, ಬಿಡುವಿನ ತಿಂಗಳು ಹುಡುಕಿ

ಕೋಲಾರದ ಎಪಿಎಂಸಿ ಮಂಡಿಯಾಗಲಿ, ನರಸಾಪುರ, ವೇಮಗಲ್ ಕಡೆಯ ಸಣ್ಣ ಕೈಗಾರಿಕೆಯಾಗಲಿ, ಪತ್ತಿನ ಸಹಕಾರ ಸಂಘವಾಗಲಿ, ಲೆಕ್ಕಪತ್ರವೆಲ್ಲ ಈಗ ಮೂಲೆಯಲ್ಲಿ ಗುಂಯ್‌ಗುಡುವ ಒಂದು ಸರ್ವರ್‌ನಲ್ಲಿರುತ್ತದೆ. ಲಾರಿಯ ಎಫ್‌ಸಿ ಯಾವಾಗ ಮುಗಿಯುತ್ತದೆ ಎಂದು ಕೇಳಿದರೆ ಮಾಲೀಕರು ಥಟ್ಟನೆ ಹೇಳುತ್ತಾರೆ. ಸರ್ವರ್‌ನ ಆಪರೇಟಿಂಗ್ ಸಿಸ್ಟಂಗೆ, ಅಂದರೆ ವಿಂಡೋಸ್, ಲಿನಕ್ಸ್‌ನಂಥ ಮೂಲ ತಂತ್ರಾಂಶಕ್ಕೆ, ತಯಾರಕರ ಬೆಂಬಲ ಎಂದಿನವರೆಗೆ ಎಂದರೆ ‘ಓಡುತ್ತಿದೆಯಲ್ಲ ಸಾರ್’ ಎಂಬ ಉತ್ತರ ಸಿಗುತ್ತದೆ. ಗಡುವು ಮುಗಿದ ಮರುದಿನವೂ ಅದು ಓಡುತ್ತದೆ, ನಿಜ. ಆದರೆ ಅಂದಿನಿಂದ ಪತ್ತೆಯಾಗುವ ಭದ್ರತಾ ಲೋಪಗಳನ್ನು ಸರಿಪಡಿಸುವ ಅಪ್‌ಡೇಟ್ ಬರುವುದು ನಿಲ್ಲುತ್ತದೆ.

ಮೊದಲು ಒಂದು ನೋಟ್‌ಬುಕ್ ತೆಗೆದುಕೊಂಡು ಯಂತ್ರಗಳ ಪಟ್ಟಿ ಮಾಡಿ. ಯಾವ ಯಂತ್ರ, ಯಾವ ಆವೃತ್ತಿ, ಅದರಲ್ಲಿ ಯಾವ ತಂತ್ರಾಂಶ, ಅದು ನಿಂತರೆ ಯಾರ ಕೆಲಸ ನಿಲ್ಲುತ್ತದೆ ಎಂದು ಬರೆಯಿರಿ. ಈ ಕೊನೆಯ ಅಂಕಣವೇ ಮುಖ್ಯ, ಹೆಚ್ಚಿನವರು ಬಿಡುವುದೂ ಅದನ್ನೇ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ಅಬೌಟ್ ಎಂದು ಹೋದರೆ ಆವೃತ್ತಿ ಕಾಣುತ್ತದೆ.

ಎರಡನೆಯದು, ಪ್ರತಿ ಸಾಲಿನ ಮುಂದೆ ಕೊನೆಯ ದಿನಾಂಕ ತುಂಬುವುದು. ವಿಂಡೋಸ್ ಸರ್ವರ್‌ನಲ್ಲಿ ಸಾಮಾನ್ಯವಾಗಿ ಐದು ವರ್ಷ ಮುಖ್ಯ ಬೆಂಬಲ, ನಂತರದ ಐದು ವರ್ಷ ಭದ್ರತಾ ಅಪ್‌ಡೇಟ್ ಮಾತ್ರ. 2012ರ ಆವೃತ್ತಿಯ ಅವಧಿ 2023ರ ಅಕ್ಟೋಬರ್ 10ಕ್ಕೇ ಮುಗಿದಿದೆ. 2016ರ ಆವೃತ್ತಿಗೆ 2027ರ ಜನವರಿ 12, 2019ರದ್ದಕ್ಕೆ 2029ರ ಜನವರಿ 9, 2022ರದ್ದಕ್ಕೆ 2031ರ ಅಕ್ಟೋಬರ್ 14 ಕೊನೆ. ಮೇಜಿನ ಮೇಲಿನ ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಕಂಪನಿಗಳು ಹಣ ಕೊಟ್ಟು ಮೂರು ವರ್ಷದವರೆಗೆ ಮುಂದುವರಿಸಬಹುದಾದರೂ ವರ್ಷದಿಂದ ವರ್ಷಕ್ಕೆ ದರ ದುಪ್ಪಟ್ಟಾಗುತ್ತದೆ. ವಿಂಡೋಸ್ 11 ಹಾಕಿಸಿದ್ದೇವೆ ಎಂದು ನಿಶ್ಚಿಂತರಾಗುವಂತೆಯೂ ಇಲ್ಲ: ಪ್ರೊ ಇದ್ದರೆ ವರ್ಷಕ್ಕೊಮ್ಮೆ ಬರುವ ಪ್ರತಿ ಆವೃತ್ತಿಗೆ 24 ತಿಂಗಳು, ಎಂಟರ್‌ಪ್ರೈಸ್ ಇದ್ದರೆ 36 ತಿಂಗಳು ಮಾತ್ರ ಆಯಸ್ಸು.

ಲಿನಕ್ಸ್‌ನಲ್ಲಿ ರೆಡ್ ಹ್ಯಾಟ್ ಎಂಟರ್‌ಪ್ರೈಸ್‌ಗೆ ಹತ್ತು ವರ್ಷ. ಉಬುಂಟುವಿನ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲದ) ಆವೃತ್ತಿಗೆ ಐದು ವರ್ಷ, ಉಬುಂಟು ಪ್ರೊ ಎಂಬ ಚಂದಾ ಪಡೆದರೆ ಹತ್ತು. ಡೆಬಿಯನ್‌ಗೆ ಮೂರು, ಅದರ ಮೇಲೆ ಎಲ್‌ಟಿಎಸ್ ತಂಡ ನೋಡಿಕೊಳ್ಳುವ ಎರಡು ವರ್ಷ. ಆದರೆ ಬರೆದ ದಿನಾಂಕವೂ ಬದಲಾಗಬಹುದು. ಸೆಂಟ್‌ಓಎಸ್ ಎಂಬ ಇನ್ನೊಂದು ಲಿನಕ್ಸ್‌ನ 8ನೇ ಆವೃತ್ತಿಗೆ 2029ರವರೆಗೆ ಬೆಂಬಲವಿದೆ ಎಂದು ನಂಬಿದ್ದವರಿಗೆ 2020ರ ಡಿಸೆಂಬರ್‌ನಲ್ಲಿ, ‘2021ರ ಕೊನೆಗೇ ಮುಗಿಯುತ್ತದೆ’ ಎಂಬ ಪ್ರಕಟಣೆ ಬಂತು. ಜನ ಆಲ್ಮಾ ಲಿನಕ್ಸ್, ರಾಕಿ ಲಿನಕ್ಸ್‌ಗಳ ಕಡೆ ಹೊರಟಿದ್ದು ಹೀಗೆ. ಹಾಗಾಗಿ ಆರು ತಿಂಗಳಿಗೊಮ್ಮೆಯಾದರೂ ಪಟ್ಟಿಯನ್ನು ತಯಾರಕರ ಅಧಿಕೃತ ಮಾಹಿತಿಯೊಂದಿಗೆ ತಾಳೆ ನೋಡಿ.

ಈಗ ದಿನಾಂಕದಿಂದ ಹಿಂದಕ್ಕೆ ಎಣಿಸಿ. ಕೆಲಸ ಮಾಡುವ ತಿಂಗಳನ್ನು ತಯಾರಕರ ಗಡುವಿಗೆ ಬಿಡಬಾರದು, ಅದನ್ನು ನಿಮ್ಮ ವ್ಯವಹಾರವೇ ಹೇಳಬೇಕು. ಟೊಮೆಟೊ ಆವಕ ಏರಿರುವ ಮುಂಗಾರಿನಲ್ಲಿ ಮಂಡಿಯ ಸರ್ವರ್ ಮುಟ್ಟುವುದು ಹುಚ್ಚುತನ. ಸಹಕಾರ ಸಂಘಕ್ಕೆ ಮಾರ್ಚ್ ಬೇಡ. ತಿಂಗಳಿಗೊಮ್ಮೆ ಜಿಎಸ್‌ಟಿ ವಿವರ ಸಲ್ಲಿಸುವ ಕಾರ್ಖಾನೆಗೆ 11 ಮತ್ತು 20ನೇ ತಾರೀಖಿನ ಆಸುಪಾಸು ಬೇಡ. 2027ರ ಜನವರಿಯ ಗಡುವಿಗೆ ಮಂಡಿಯವರು ಡಿಸೆಂಬರ್‌ವರೆಗೆ ಕಾಯದೆ ಸುಗ್ಗಿ ಇಳಿದೊಡನೆ ಮುಗಿಸಿಕೊಳ್ಳುವುದು ಲೇಸು.

ತಿಂಗಳು ಗೊತ್ತಾದ ಮೇಲೆ ಹೊಂದಾಣಿಕೆಯ ಪರೀಕ್ಷೆ. ನನ್ನ ಅನುಭವದಲ್ಲಿ ಕೆಲಸ ಸಿಕ್ಕಿಬೀಳುವುದು ಇಲ್ಲೇ, ಆಪರೇಟಿಂಗ್ ಸಿಸ್ಟಂನಲ್ಲಲ್ಲ. ಬಿಲ್ಲಿಂಗ್ ತಂತ್ರಾಂಶದವರಿಂದ ‘ಹೊಸ ಆವೃತ್ತಿಯಲ್ಲಿ ನಡೆಯುತ್ತದೆ’ ಎಂದು ಬರವಣಿಗೆಯಲ್ಲಿ ಪಡೆಯಿರಿ, ಫೋನಿನ ಮಾತು ಸಾಲದು. ಎಲೆಕ್ಟ್ರಾನಿಕ್ ತಕ್ಕಡಿಯಿಂದ ಬರುವ ಹಳೆಯ ಸೀರಿಯಲ್ ಕೇಬಲ್, ರೈತರಿಗೆ ಮೂರು ಪ್ರತಿ ಚೀಟಿ ಹೊಡೆಯುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಇವೆರಡಕ್ಕೂ ಹೊಸ ಆವೃತ್ತಿಯಲ್ಲಿ ಡ್ರೈವರ್ (ಸಾಧನವನ್ನು ನಡೆಸುವ ಪುಟ್ಟ ತಂತ್ರಾಂಶ) ಇದೆಯೇ ಎಂದು ನೋಡಿ. ಒಂದು ಚೀಟಿ ಹೊಡೆದೇ ನೋಡಿ: ತೂಕ ಸರಿಯಾದ ಅಂಕಣಕ್ಕೆ ಬಿತ್ತೇ, ಕನ್ನಡ ಅಕ್ಷರ ಒಡೆಯಿತೇ? ವಿಂಡೋಸ್ 11ಕ್ಕಾದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಸಾಮಾನ್ಯವಾಗಿ ಎಂಟನೇ ತಲೆಮಾರಿನದೋ ನಂತರದ್ದೋ ಆಗಿರಬೇಕು.

ಮುಂದಿನದು ಬ್ಯಾಕಪ್. ತೆಗೆದಿಟ್ಟರೆ ಸಾಲದು, ಬೇರೆ ಯಂತ್ರದಲ್ಲಿ ಅದನ್ನು ತೆರೆದು ಹೋದ ತಿಂಗಳ ಲೆಕ್ಕ ಸಿಗುತ್ತದೆಯೇ ನೋಡಿ.

ಕೊನೆಗೆ ಹೊಸ ಆವೃತ್ತಿಗೆ ಏರುವ ದಾರಿ. ರೆಡ್ ಹ್ಯಾಟ್‌ನ ಲೀಪ್ ಎಂಬ ಅಪ್‌ಗ್ರೇಡ್ ಸಾಧನದಲ್ಲಿ 7ನೇ ಆವೃತ್ತಿಯಿಂದ ನೇರ 9ಕ್ಕೆ ಹಾರುವಂತಿಲ್ಲ, 8ರ ಮೂಲಕವೇ ಹೋಗಬೇಕು. ಉಬುಂಟುವಿನಲ್ಲೂ ಒಂದು ಎಲ್‌ಟಿಎಸ್‌ನಿಂದ ಮುಂದಿನದಕ್ಕೆ ಮಾತ್ರ ದಾರಿ, ಅದೂ ಹೊಸ ಆವೃತ್ತಿಯ ಮೊದಲ ಪರಿಷ್ಕರಣೆ ಬಂದ ಮೇಲೆ. ವಿಂಡೋಸ್ ಸರ್ವರ್ 2025ಕ್ಕೆ 2012 ಆರ್2ರಿಂದಲೂ ನೇರವಾಗಿ ಬರಬಹುದು. ಸಾಧ್ಯ ಎಂದ ಮಾತ್ರಕ್ಕೆ ಮಾಡಲೇಬೇಕೆಂದಿಲ್ಲ. ಪಕ್ಕದಲ್ಲೊಂದು ಹೊಸ ಸರ್ವರ್ ಸಿದ್ಧಪಡಿಸಿ, ಭಾನುವಾರ ದತ್ತಾಂಶ ಸಾಗಿಸಿ, ಹಳೆಯದನ್ನು ಕೆಲವು ವಾರ ಹಾಗೆಯೇ ಇಟ್ಟುಕೊಳ್ಳುವುದನ್ನೇ ನಾನು ಹೇಳುವುದು. ಖರ್ಚು ತುಸು ಹೆಚ್ಚು, ಆದರೆ ಸೋಮವಾರ ಬೆಳಿಗ್ಗೆ ಏನಾದರೂ ಕೈಕೊಟ್ಟರೆ ಹಿಂದಿರುಗಲು ಜಾಗವಿರುತ್ತದೆ.

ಕೆಲವು ಯಂತ್ರಗಳನ್ನು ಏನು ಮಾಡಿದರೂ ಮೇಲಕ್ಕೇರಿಸಲು ಆಗುವುದಿಲ್ಲ. ಕಾರ್ಖಾನೆಯ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರದ ಒಳಗೇ ವಿಂಡೋಸ್ 7 ಕುಳಿತಿದ್ದರೆ ಅದಕ್ಕೆ ಇಂಟರ್‌ನೆಟ್ ಕೊಡಬೇಡಿ, ಕಚೇರಿಯ ಜಾಲದಿಂದ ಬೇರ್ಪಡಿಸಿ, ಕಂಡಕಂಡ ಪೆನ್‌ಡ್ರೈವ್ ಚುಚ್ಚಲು ಬಿಡಬೇಡಿ. ಪಟ್ಟಿಯಲ್ಲಿ ಅದರ ಮುಂದೆ, ಮುಂದಿನ ಬಜೆಟ್‌ನಲ್ಲಿ ಅದನ್ನು ಬದಲಿಸುವ ತೀರ್ಮಾನ ಯಾರದ್ದು ಎಂದು ಹೆಸರು ಹಾಕಿ ಬರೆದಿಡಿ.