ಹಿತ್ತಲಲ್ಲಿ ಈಜುಕೊಳ: ಎರೆಮಣ್ಣಿನ ಊರಲ್ಲಿ ನೀವೇ ನಿಂತು ಕಟ್ಟಿಸುವುದು ಹೇಗೆ?

ಮೇ ತಿಂಗಳ ಕಲಬುರಗಿ ಬಿಸಿಲು 42, 43 ಡಿಗ್ರಿ ಮುಟ್ಟಿದಾಗ ಹಿತ್ತಲಲ್ಲಿ ಒಂದು ಈಜುಕೊಳ ಇರಬೇಕಿತ್ತು ಅಂತ ಅನ್ನಿಸದವರು ಕಡಿಮೆ. ಜೇವರ್ಗಿ ರಸ್ತೆ, ಸೇಡಂ ರಸ್ತೆ ಕಡೆ ದೊಡ್ಡ ಸೈಟಿನಲ್ಲಿ ಮನೆ ಕಟ್ಟಿದವರಿಗೆ ಜಾಗವೂ ಇರುತ್ತದೆ. ಕಂಪನಿಗೆ ಪೂರ್ತಿ ಗುತ್ತಿಗೆ ಕೊಡದೆ ಗೌಂಡಿ, ಸೆಂಟ್ರಿಂಗ್‌ನವರು, ಪ್ಲಂಬರ್, ಎಲೆಕ್ಟ್ರಿಷಿಯನ್ ಇವರನ್ನೆಲ್ಲ ಬೇರೆ ಬೇರೆ ಹಿಡಿದು ನಾವೇ ಮಾಡಿಸಬಹುದಾ? ಮಾಡಿಸಬಹುದು. ಆದರೆ ಈಜುಕೊಳದಲ್ಲಿ ಮುಖ್ಯವಾದದ್ದೆಲ್ಲ ಮುಚ್ಚಿಹೋಗುತ್ತದೆ. ಮಣ್ಣು ಕಾಂಕ್ರೀಟ್ ಕೆಳಗೆ, ಪೈಪು ಗೋಡೆಯೊಳಗೆ, ಗೋಡೆ ಟೈಲ್ಸ್ ಹಿಂದೆ. ಪ್ರತಿಯೊಂದನ್ನೂ ಮುಚ್ಚುವ ಮೊದಲು ನೋಡಿ, ಒಪ್ಪಿಗೆ ಕೊಡುವುದೇ ಮನೆ ಯಜಮಾನರ ಕೆಲಸ.

ಮೊದಲು ನೀರಿನ ಲೆಕ್ಕ

20 ಅಡಿ ಉದ್ದ, 10 ಅಡಿ ಅಗಲ, 4 ಅಡಿ ನೀರು ಅಂತ ಇಟ್ಟುಕೊಳ್ಳೋಣ. ಮನೆಮಂದಿ ಇಳಿದು ತಣ್ಣಗಾಗಲು, ಮಕ್ಕಳು ಈಜು ಕಲಿಯಲು ಇಷ್ಟು ಸಾಕು. ಇದಕ್ಕೆ ಸುಮಾರು 22,600 ಲೀಟರ್ ನೀರು ಬೇಕು. 5,000 ಲೀಟರಿನ ಟ್ಯಾಂಕರ್ ಆದರೆ ನಾಲ್ಕೂವರೆ. ಇದು ಒಂದು ಸಲದ ಖರ್ಚು, ಹೋಗಲಿ ಬಿಡಿ. ಯೋಚಿಸಬೇಕಾದದ್ದು ಆಮೇಲಿನದ್ದು. ನಮ್ಮ ಕಡೆ ಬೇಸಿಗೆಯಲ್ಲಿ ದಿನಕ್ಕೆ ಹತ್ತು ಮಿಲಿಮೀಟರ್‌ವರೆಗೆ ನೀರು ಆವಿಯಾಗುತ್ತದೆ. ಈ ಅಳತೆಯ ಕೊಳದಲ್ಲಿ ಅದು ದಿನಕ್ಕೆ 180 ಲೀಟರಿಗೂ ಜಾಸ್ತಿ. ತಿಂಗಳಿಗೆ ಒಂದು ಟ್ಯಾಂಕರ್ ಸುಮ್ನೆ ಗಾಳಿಗೆ ಹೋಯಿತು ಅಂತಲೇ ಲೆಕ್ಕ.

ಆದ್ದರಿಂದ ಕೊಳದ ಮೇಲೆ ಹಾಸುವ ಹೊದಿಕೆಯ ಖರ್ಚನ್ನು ಮೊದಲ ಅಂದಾಜಿನಲ್ಲೇ ಸೇರಿಸಿ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಬಾರದು ಅಂತ ಆದೇಶ ಮಾಡಿತ್ತು. ಬರ ಬಂದರೆ ಅಂಥ ಆದೇಶ ಯಾವ ಊರಲ್ಲೂ ಬರಬಹುದು. ನಳದ ನೀರನ್ನು ನಂಬಿ ಕೊಳ ತೋಡಬೇಡಿ. ಬೋರ್ ನೀರು ಬೇಸಿಗೆಯಲ್ಲೂ ನಿಲ್ಲುತ್ತದಾ, ಚಾವಣಿಯ ಮಳೆನೀರು ಹಿಡಿದಿಡಲು ಟಾಕಿ ಇದೆಯಾ ನೋಡಿಕೊಳ್ಳಿ. ಎರಡೂ ಇಲ್ಲ ಅಂದರೆ, ನನ್ನ ಕೇಳಿದರೆ, ಈ ಯೋಜನೆ ಬಿಡುವುದೇ ಒಳ್ಳೆಯದು.

ಜಾಗ ಗುರುತಿಸುವಾಗ ಮನೆಯ ಪಾಯದಿಂದ ಗುಂಡಿಯ ಆಳದ ಎರಡರಷ್ಟಾದರೂ ದೂರ ಇಡಿ. ಸೆಪ್ಟಿಕ್ ಟ್ಯಾಂಕ್ ಹತ್ತಿರ ಬೇಡ. ಬೇವಿನ ಮರದ ಕೆಳಗೂ ಬೇಡ. ನೆರಳು ಚಂದ ಕಾಣುತ್ತದೆ, ಆದರೆ ದಿನಾ ಎಲೆ ಬಳಿಯುವವರು ನೀವೇ. ನಕ್ಷೆಯನ್ನು ಪಾಲಿಕೆಯಲ್ಲಿ ತೋರಿಸಿ ಅನುಮತಿ ವಿಚಾರಿಸಿ. ಕಟ್ಟಡದ ಲೆಕ್ಕ ಬಲ್ಲ ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರಿಂದ ಡ್ರಾಯಿಂಗ್ ಮಾಡಿಸಿ. ದುಡ್ಡು ಉಳಿಸಲು ನೂರು ದಾರಿ ಇವೆ, ಇದು ಅದರಲ್ಲಿ ಒಂದಲ್ಲ.

ಎರೆಮಣ್ಣಿನ ಜೊತೆ ಜಗಳ

ಕಲಬುರಗಿ, ಯಾದಗಿರಿಯ ಬಹುಪಾಲು ನೆಲ ಎರೆ. ತೊಗರಿಗೆ ಬಂಗಾರ, ಕಟ್ಟಡಕ್ಕೆ ಕಾಟ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಒಣಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಪ್ರತಿ ವರ್ಷ ಇದೇ ಆಟ. ಹಗುರ ಕಾಂಪೌಂಡ್ ಗೋಡೆಗಳು ಓರೆಯಾಗಿ ಸೀಳಿರುವುದನ್ನು ನಮ್ಮ ಬಡಾವಣೆಗಳಲ್ಲಿ ನೋಡೇ ಇರುತ್ತೀರಿ. ಈಜುಕೊಳದ ಗೋಡೆ ಹಾಗೆ ಸೀಳಿದರೆ ಒಳಗಿನ ನೀರು ಮಣ್ಣಿಗೆ ಇಳಿಯುತ್ತದೆ, ಮಣ್ಣು ಇನ್ನಷ್ಟು ಉಬ್ಬುತ್ತದೆ, ಸೀಳು ಇನ್ನಷ್ಟು ದೊಡ್ಡದಾಗುತ್ತದೆ.

ಹಾಗಾಗಿ ಜೆಸಿಬಿ ಕರೆಸುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಸಿವಿಲ್ ಲ್ಯಾಬ್ ಇರುವ ಇಂಜಿನಿಯರಿಂಗ್ ಕಾಲೇಜಿನಲ್ಲಿ ವಿಚಾರಿಸಬಹುದು. ಮಣ್ಣು ಎಷ್ಟು ಉಬ್ಬುತ್ತದೆ ಅಂತ ಹೇಳುವ ಫ್ರೀ ಸ್ವೆಲ್ ಪರೀಕ್ಷೆ ಕೇಳಿ. ಫಲಿತಾಂಶ ಶೇ 50 ದಾಟಿದರೆ ಹುಷಾರಾಗಬೇಕು. ಎಷ್ಟು ಆಳದವರೆಗೆ ಎರೆ ಇದೆ, ಎಲ್ಲಿ ಕಲ್ಲು ಸಿಗುತ್ತದೆ ಅಂತ ತಿಳಿಯಲು ಎರಡು ಮೂಲೆಯಲ್ಲಿ ಸಣ್ಣ ಗುಂಡಿ ತೋಡಿಸಿ ನೋಡಿ.

ಕಲ್ಲು ಸಿಕ್ಕಿತು ಅಂತ ಖುಷಿಪಡುವ ಮೊದಲು ಇನ್ನೊಂದು ಮಾತು. ಶಹಾಬಾದ್, ವಾಡಿ, ಚಿತ್ತಾಪುರ ಕಡೆ ಪರಸಿ ಕಲ್ಲಿನ ಪದರ ಕೆಲವೇ ಅಡಿ ಕೆಳಗೆ ಸಿಗುತ್ತದೆ. ಕೊಳ ಪೂರ್ತಿ ಕಲ್ಲಿನ ಮೇಲೆ ಕೂತರೆ ಚಿಂತೆಯಿಲ್ಲ. ಅರ್ಧ ಕಲ್ಲು, ಅರ್ಧ ಮಣ್ಣು ಆದರೆ ಮಣ್ಣಿನ ಕಡೆ ಕುಸಿಯುತ್ತದೆ, ಕಲ್ಲಿನ ಕಡೆ ಕದಲುವುದಿಲ್ಲ. ಎರಡೂ ಕೂಡುವ ಗೆರೆಯಲ್ಲೇ ತಳ ಒಡೆಯುತ್ತದೆ. ಅಂಥಲ್ಲಿ ಕಲ್ಲನ್ನೂ ಒಂದಷ್ಟು ಒಡೆಸಿ, ಉದ್ದಕ್ಕೂ ಒಂದೇ ದಪ್ಪದ ಗರಸಿನ (ಉಬ್ಬದ ಒರಟು ಕಲ್ಲುಮಣ್ಣಿನ) ಹಾಸು ಕೊಡಬೇಕು.

ಬೀದರ್‌ನವರಿಗೆ ಈ ತಲೆನೋವು ಕಡಿಮೆ. ಅಲ್ಲಿನ ಕೆಂಪು ಜಂಬಿಟ್ಟಿಗೆ ಕಲ್ಲು ಎರೆಯಂತೆ ಉಬ್ಬುವುದಿಲ್ಲ. ಆದರೆ ಅದರೊಳಗೆ ನೀರು ಸರಾಗ ಇಳಿಯುತ್ತದೆ. ಬಹಮನಿ ಕಾಲದವರು ಅದರಲ್ಲೇ ಸುರಂಗ ಕೊರೆದು ಊರಿಗೆ ನೀರು ತಂದದ್ದು, ಅಲ್ವಾ? ಕೊಳ ಸೋರಿದರೆ ಹೊರಗೆ ಒಂದು ಹನಿ ತೇವವೂ ಕಾಣದೆ ನೀರು ಮಾಯವಾಗಿಬಿಡುತ್ತದೆ.

ತೋಡುವಾಗ ಕೊಳದ ಅಳತೆಗಿಂತ ಪ್ರತಿ ಬದಿಗೆ ಎರಡು ಮೂರು ಅಡಿ ಜಾಸ್ತಿ ತೋಡಿಸಿ. ಕೆಳಗೂ ಇಂಜಿನಿಯರ್ ಹೇಳಿದಷ್ಟು ಎರೆ ತೆಗೆಸಿ. ನಮ್ಮ 20x10ರ ಕೊಳಕ್ಕೆ 2,500 ಘನ ಅಡಿಯಷ್ಟು ಮಣ್ಣು ಏಳುತ್ತದೆ. ಸಡಿಲವಾದ ಮೇಲೆ ಅದು ಇನ್ನೂ ಹಿಗ್ಗುತ್ತದೆ. ಟ್ರಾಲಿಗೆ 100 ಘನ ಅಡಿ ಹಿಡಿದರೂ ಮೂವತ್ತು ಲೋಡ್ ಆಗುತ್ತದೆ. ಎಲ್ಲಿ ಹಾಕಿಸುತ್ತೀರಿ ಅಂತ ಮೊದಲೇ ಗೊತ್ತುಮಾಡಿಕೊಳ್ಳಿ. ಹೊಲದವರು ಕೇಳಿದರೆ ಸಂತೋಷದಿಂದ ಕೊಡಿ. ಗೋಡೆ ಎದ್ದ ಮೇಲೆ ಅದೇ ಮಣ್ಣನ್ನು ಸುತ್ತ ತುಂಬಲು ಮಾತ್ರ ಬಿಡಬೇಡಿ. "ಏನ್ ಆಗಂಗಿಲ್ರೀ ಸಾಹೇಬ್ರ, ಇದ್ದ ಮಣ್ಣೇ ತುಂಬೂಣು" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಒಪ್ಪಬೇಡಿ. ತಳಕ್ಕೂ ಬದಿಗೂ ಗರಸೇ ಬೇಕು. ಆರಾರು ಇಂಚಿನ ಪದರ ಹಾಕಿ, ನೀರು ಚಿಮುಕಿಸಿ, ಯಂತ್ರದಿಂದ ದಮ್ಮಸು ಮಾಡಿಸಬೇಕು. ಒಂದೇ ಸಲ ಎರಡು ಅಡಿ ಸುರಿದು ಮೇಲೆ ತಟ್ಟಿದರೆ ಕೆಳಗಿನದು ಗಟ್ಟಿಯಾಗುವುದಿಲ್ಲ.

ಗುಂಡಿಯ ತಳದ ಸುತ್ತ ಒಂದು ಖಡಿ (ಜಲ್ಲಿ) ಕಾಲುವೆ ಮಾಡಿಸಿ. ತೂತಿನ ಪೈಪು ಇಟ್ಟು, ಮೂಲೆಯ ಸಣ್ಣ ಗುಂಡಿಗೆ ಕೂಡಿಸಿ, ಅಲ್ಲಿಂದ ನೀರು ಎತ್ತುವ ಹಾಗಿರಲಿ. ಇದು ಯಾಕೆ ಅಂದರೆ, ಎಂಟು ಇಂಚು ದಪ್ಪದ ತಳ, ಗೋಡೆ ಇರುವ ನಮ್ಮ ಕೊಳದ ಖಾಲಿ ತೂಕ ಸುಮಾರು 25 ಟನ್. ಜೋರು ಮಳೆಗೆ ಸುತ್ತಲಿನ ಗುಂಡಿಯಲ್ಲಿ ನೆಲದ ಮಟ್ಟದವರೆಗೆ ನೀರು ನಿಂತರೆ ಕೊಳವನ್ನು ಮೇಲಕ್ಕೆ ಒತ್ತುವ ಬಲ 35 ಟನ್ ಹತ್ತಿರ ಬರುತ್ತದೆ. ಅಂದರೆ ಖಾಲಿ ಕೊಳ ದೋಣಿಯಂತೆ ಮೇಲೇಳುತ್ತದೆ. ಮಳೆಗಾಲದಲ್ಲಿ ಕೊಳ ಖಾಲಿ ಮಾಡಬಾರದು ಅನ್ನುವುದು ಇದಕ್ಕೇ. ತಳದಲ್ಲಿ ಒತ್ತಡ ಬಿಡುವ ವಾಲ್ವ್ ಕೂಡಿಸಬೇಕಾ ಅಂತಲೂ ಇಂಜಿನಿಯರ್ ಹತ್ತಿರ ಕೇಳಿ.

ಯಾವಾಗ ಶುರು ಮಾಡಬೇಕು?

ದಸರಾ ಮುಗಿದು ಮಳೆ ನಿಂತ ಮೇಲೆ ತೋಡಲು ಶುರು ಮಾಡಿ. ತಳದ ಕಾಂಕ್ರೀಟ್ ಡಿಸೆಂಬರ್ ಒಳಗೆ ಮುಗಿದರೆ ಒಳ್ಳೆಯದು. ಆಮೇಲೆ ತೊಗರಿ ರಾಶಿ ಬರುತ್ತದೆ, ಹಳ್ಳಿಯಿಂದ ಬರುವ ಕೂಲಿಯವರು ಊರಿಗೆ ಹೋಗಿಬಿಡುತ್ತಾರೆ. ಎಳ್ಳಮಾಸಿಯ (ಎಳ್ಳ ಅಮಾವಾಸ್ಯೆಯ) ದಿನವಂತೂ ಒಬ್ಬರೂ ಬರುವುದಿಲ್ಲ. ಬರಲೂಬಾರದು, ಅವತ್ತು ಚರಗ ಚೆಲ್ಲುವ ಹೊಲದಲ್ಲಿ ಸಜ್ಜೆ ರೊಟ್ಟಿ, ಭಜ್ಜಿ ಬಿಟ್ಟು ಸೆಂಟ್ರಿಂಗ್ ಹೊಡೆಯುವವರು ಯಾರು? ಕಾಂಕ್ರೀಟ್ ದಿನವನ್ನು ಅದರ ಹಿಂದೆ ಮುಂದೆ ಇಡಬೇಡಿ. ಏಪ್ರಿಲ್, ಮೇ ಬಿಸಿಲಿನಲ್ಲಿ ಕಾಂಕ್ರೀಟ್ ಹಾಕುವುದು ಇನ್ನೂ ಕೆಟ್ಟದ್ದು. ಹಾಕಿದ ಗಂಟೆಯಲ್ಲೇ ಮೇಲ್ಮೈ ಒಣಗಿ ಕೂದಲು ಸೀಳು ಬರುತ್ತದೆ.

ಸಳಿ, ಪೈಪು, ಕಾಂಕ್ರೀಟ್

ನೀರು ಹಿಡಿಯುವ ಕಟ್ಟಡಕ್ಕೆ ಐಎಸ್ 3370 ಅಂತ ಬೇರೆಯೇ ಸಂಹಿತೆ ಇದೆ. ಅದರ ಪ್ರಕಾರ ಸಳಿ (ಕಬ್ಬಿಣದ ಸರಳು) ಹಾಕಿದ ಕಾಂಕ್ರೀಟಿನ ಗಟ್ಟಿತನ ಎಂ30 ದರ್ಜೆಗಿಂತ ಕಡಿಮೆ ಇರಬಾರದು. ಮನೆ ಸ್ಲ್ಯಾಬಿಗೆ ಹಾಕುವ ಎಂ20 ಇಲ್ಲಿ ಸಾಲದು. ಕೈಯಲ್ಲಿ ಕಲಸಿ ಎಂ30 ತರುವುದು ಕಷ್ಟ, ರೆಡಿಮಿಕ್ಸ್ ತರಿಸಿ. ಲಾರಿ ಬಂದ ಮೇಲೆ ಸಲೀಸಾಗಿ ಹರಿಯಲಿ ಅಂತ ಪೈಪಿನಿಂದ ನೀರು ಬಿಡಲು ಬಂದರೆ ತಡೆಯಿರಿ. ಅದೇ ಕಾಂಕ್ರೀಟಿನಿಂದ ಆರು ಕ್ಯೂಬ್ ಅಚ್ಚು ತುಂಬಿಸಿಟ್ಟು, ಗಟ್ಟಿತನ ನೋಡಲು 7 ಮತ್ತು 28 ದಿನಕ್ಕೆ ಲ್ಯಾಬಿಗೆ ಕಳಿಸಿ.

ಕಾಂಕ್ರೀಟ್ ಹಾಕುವ ಹಿಂದಿನ ದಿನ ನೀವು ಗುಂಡಿಗೆ ಇಳಿಯಲೇಬೇಕು. ಸಳಿ ಎರಡು ಜಾಲವಾಗಿ, ಡ್ರಾಯಿಂಗ್‌ನಲ್ಲಿ ಇದ್ದ ಅಂತರಕ್ಕೇ ಇದೆಯಾ ಟೇಪು ಹಿಡಿದು ನೋಡಿ. ಸಳಿಯ ಕೆಳಗೆ ಕಲ್ಲಿನ ಚೂರು ಇಟ್ಟಿದ್ದರೆ ತೆಗೆಸಿ, ಸಳಿಯನ್ನು ಎತ್ತಿ ಹಿಡಿಯುವ ಸರಿಯಾದ ಕವರ್ ಬ್ಲಾಕ್ ಇಡಿಸಿ. ತಳದ ಜೊತೆಗೇ ಗೋಡೆಯನ್ನು ಆರು ಇಂಚು ಎಬ್ಬಿಸಿ ನಿಲ್ಲಿಸಬೇಕು. ಆ ಜೋಡಣೆಯ ನಡುವೆ ಪಿವಿಸಿ ವಾಟರ್‌ಸ್ಟಾಪ್ ಪಟ್ಟಿ ಸುತ್ತಲೂ ತುಂಡಾಗದೆ ಇರಬೇಕು. ಕೊಳ ಸೋರುವುದು ಹೆಚ್ಚಾಗಿ ಈ ಗೆರೆಯಲ್ಲಿ, ಇಲ್ಲವೇ ಪೈಪು ಗೋಡೆ ದಾಟುವ ಕಡೆ. ಪೈಪು ದಾಟುವಲ್ಲಿ ಪಡಲ್ ಫ್ಲ್ಯಾಂಜ್ (ಪೈಪಿನ ಸುತ್ತ ನೀರು ಸೋರದಂತೆ ತಡೆಯುವ ಬಳೆ) ಹಾಕಿಸಿ. ಆಮೇಲೆ ಗೋಡೆ ಕೊರೆದು ಪೈಪು ತೂರಿಸುತ್ತೇನೆ ಅನ್ನುವ ಪ್ಲಂಬರ್ ಬೇಡ.

ತಳದ ಡ್ರೈನ್ ಒಂದೇ ಸಾಲದು, ದೂರ ದೂರ ಎರಡು ಬೇಕು. ಒಂದೇ ಇದ್ದು ಅದರ ಮೇಲೆ ಮಗು ಕೂತರೆ ಪಂಪಿನ ಸೆಳೆತಕ್ಕೆ ಸಿಕ್ಕಿಕೊಳ್ಳುತ್ತದೆ. ಮುಚ್ಚಳವೂ ಕೂದಲು, ಮೈ ಸಿಕ್ಕದಂಥ ಉಬ್ಬು ಮುಚ್ಚಳವೇ ಇರಲಿ. ಪೈಪುಗಳಿಗೆ ನೀರು ತುಂಬಿ ಒತ್ತಡ ಕೊಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಒತ್ತಡದ ಮೀಟರಿನ ಮುಳ್ಳು ಇಳಿಯದಿದ್ದರೆ ಮಾತ್ರ ಕಾಂಕ್ರೀಟ್.

ಆಮೇಲೆ ಹದಿನಾಲ್ಕು ದಿನ ಕ್ಯೂರಿಂಗ್. ತಳದಲ್ಲಿ ನೀರು ನಿಲ್ಲಿಸಿ, ಗೋಡೆಗೆ ಗೋಣಿತಟ್ಟು ಹೊದಿಸಿ ಸದಾ ಒದ್ದೆ ಇಡಿ. ಬೆಳಿಗ್ಗೆ ಸಂಜೆ ಪೈಪು ಹಿಡಿದು ಹೋದರೆ ಮಧ್ಯಾಹ್ನದ ಬಿಸಿಲಿಗೆ ಸಾಲದು.

ಟೈಲ್ಸ್ ಮೊದಲು ನೀರು ತುಂಬಿ

ಇದನ್ನು ತಪ್ಪಿಸಲು ಎಲ್ಲರೂ ನೋಡುತ್ತಾರೆ, ಯಾಕೆಂದರೆ ಎರಡು ವಾರ ಕೆಲಸ ನಿಲ್ಲುತ್ತದೆ. ಬಿಡಬೇಡಿ. ವಾಟರ್‌ಪ್ರೂಫಿಂಗ್, ಟೈಲ್ಸ್, ಬದಿಯ ಗರಸು ಯಾವುದೂ ಇಲ್ಲದ ಬರೀ ಕಾಂಕ್ರೀಟ್ ಕೊಳಕ್ಕೆ ನೀರು ತುಂಬಿ. ಮೊದಲ ವಾರ ಕಾಂಕ್ರೀಟ್ ತಾನೇ ಕುಡಿಯುತ್ತದೆ. ಎರಡನೇ ವಾರ ಅಳತೆ ಶುರು. ಬಿಸಿಲಿಗೆ ಎಷ್ಟು ಹೋಯಿತು, ಸೋರಿ ಎಷ್ಟು ಹೋಯಿತು ಅಂತ ಬೇರೆ ಮಾಡಲು ಒಂದು ಬಕೆಟ್ ಸಾಕು. ಕೊಳದ ಮೆಟ್ಟಿಲ ಮೇಲೆ ನೀರು ತುಂಬಿದ ಬಕೆಟ್ ಇಡಿ. ಒಳಗೆ, ಹೊರಗೆ ಎರಡೂ ನೀರಿನ ಮಟ್ಟಕ್ಕೆ ಗೆರೆ ಹಾಕಿ. 24 ಗಂಟೆ ಬಿಟ್ಟು ನೋಡಿ. ಎರಡೂ ಒಂದೇ ಸಮ ಇಳಿದಿದ್ದರೆ ಬಿಸಿಲು ಕುಡಿದಿದೆ. ಕೊಳದ್ದು ಜಾಸ್ತಿ ಇಳಿದಿದ್ದರೆ ಸೋರುತ್ತಿದೆ. ಹೊರಗೋಡೆ ಇನ್ನೂ ತೆರೆದಿರುವುದರಿಂದ ತೇವದ ಕಲೆ ಎಲ್ಲಿದೆ ಅಂತ ಕಣ್ಣಿಗೇ ಕಾಣುತ್ತದೆ. ಸರಿ ಮಾಡಿಸಿ, ಮತ್ತೆ ತುಂಬಿ. ಆ ನೀರನ್ನು ಆಮೇಲೆ ಗರಸು ದಮ್ಮಸಿಗೆ, ಗಿಡಗಳಿಗೆ ಬಳಸಬಹುದು.

ಮುಂದಿನದು ಸುಲಭ. ವಾಟರ್‌ಪ್ರೂಫಿಂಗ್, ಮೇಲೆ ಟೈಲ್ಸ್, ಸಂದಿಗೆ ಎಪಾಕ್ಸಿ. ಸುತ್ತಲಿನ ನೆಲಕ್ಕೆ ನಮ್ಮ ಪರಸಿ ಕಲ್ಲು ಅಗ್ಗ, ಚಂದ. ಪಾಲಿಶ್ ಮಾಡದ ಒರಟು ಕಲ್ಲನ್ನೇ ಹಾಕಿಸಿ, ಕಾಲು ಜಾರುವುದಿಲ್ಲ. ಕೊಳದ ಒಳಗೆ ಮಾತ್ರ ಬೇಡ. ಅದು ಸುಣ್ಣದ ಕಲ್ಲು, ನೀರು ಸರಿಮಾಡಲು ಹಾಕುವ ಆಮ್ಲ ತಾಗಿದರೆ ಸವೆಯುತ್ತದೆ. ಕಲ್ಲುಹಾಸಿನ ಇಳಿಜಾರು ಕೊಳದಿಂದ ಹೊರಕ್ಕೆ ಇರಲಿ.

ಪಂಪು ದೊಡ್ಡದು ಬೇಡ. ಆರು ಗಂಟೆಗೆ ಒಮ್ಮೆ ಪೂರ್ತಿ ನೀರು ಸೋಸಿ ಬರಲು ಗಂಟೆಗೆ 3,800 ಲೀಟರ್ ಎತ್ತಿದರೆ ಸಾಕು, ಅರ್ಧ ಎಚ್‌ಪಿ ಆಸುಪಾಸು. ಮರಳಿನ ಫಿಲ್ಟರ್ ತೊಳೆದಾಗಲೆಲ್ಲ ನೂರಾರು ಲೀಟರ್ ಚೆಲ್ಲುತ್ತದೆ. ನೀರಿನ ಬರ ಇರುವಲ್ಲಿ ಕಾರ್ಟ್ರಿಜ್ ಫಿಲ್ಟರ್ ವಾಸಿ. ನೀರೊಳಗಿನ ದೀಪ 12 ವೋಲ್ಟಿನದೇ ಇರಬೇಕು. ಪಂಪಿನ ಲೈನಿಗೆ, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್ ಎರಡೂ ಬೇಕು. ಸುತ್ತಲೂ ನಾಲ್ಕು ಅಡಿ ಬೇಲಿ, ತಾನೇ ಮುಚ್ಚಿಕೊಳ್ಳುವ ಗೇಟು ಹಾಕಿದ ಮೇಲೇ ಬಳಕೆಗೆ ನೀರು ತುಂಬಿ. ನೆರೆಮನೆ ಮಕ್ಕಳೂ ಇರುತ್ತಾರೆ.

ಗಡಸು ನೀರಿಗೆ ಔಷಧಿ

ಸುಣ್ಣದ ಕಲ್ಲಿನ ನಾಡಿನ ಬೋರ್ ನೀರು ಗಡಸು. ಬಕೆಟ್ಟಿಗೆ ಬಿಳಿ ಪದರ ಕಟ್ಟುವುದು ನಿಮಗೆ ಗೊತ್ತಿರುವುದೇ. ಅದಕ್ಕೆ ಮತ್ತೆ ಬ್ಲೀಚಿಂಗ್ ಪೌಡರ್ ಹಾಕಿದರೆ ಇನ್ನಷ್ಟು ಸುಣ್ಣ ಸೇರಿಸಿದಂತೆ. ದ್ರವರೂಪದ ಸೋಡಿಯಂ ಹೈಪೋಕ್ಲೋರೈಟ್ ಒಳ್ಳೆಯದು. ಪಿಎಚ್ (ನೀರಿನ ಆಮ್ಲ, ಕ್ಷಾರದ ಅಳತೆ) 7.2ರಿಂದ 7.8, ಕ್ಲೋರಿನ್ 1ರಿಂದ 3 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ) ಒಳಗೆ ಇರಲಿ. ಟೆಸ್ಟ್ ಕಿಟ್ ಮನೆಯಲ್ಲೇ ಇಡಿ. ಬಿಸಿಲಿಗೆ ಕ್ಲೋರಿನ್ ಬೇಗ ಹಾರಿಹೋಗುವುದರಿಂದ ಸಂಜೆ ಹಾಕಿ. ಬ್ಲೀಚಿಂಗ್ ಪೌಡರನ್ನು ಕ್ಲೋರಿನ್ ಮಾತ್ರೆಯ ಜೊತೆ ಅಥವಾ ಆಮ್ಲದ ಜೊತೆ ಯಾವತ್ತೂ ಬೆರೆಸಬೇಡಿ. ಬೆಂಕಿಯೂ ಹತ್ತಬಹುದು, ವಿಷದ ಗಾಳಿಯೂ ಏಳಬಹುದು. ಬೇರೆ ಬೇರೆ ಕಪಾಟಿನಲ್ಲಿ, ಬೀಗ ಹಾಕಿ ಇಡಿ.

ಹಣ ಕೊಡುವ ಕ್ರಮ

ಗೌಂಡಿಗೋ ಗುತ್ತೇದಾರರಿಗೋ ದಿನ ಲೆಕ್ಕದಲ್ಲಿ ಮುಂಗಡ ಕೊಡುತ್ತ ಹೋಗಬೇಡಿ. ದಮ್ಮಸು ಮುಗಿದಾಗ ಒಂದು ಕಂತು, ಪೈಪಿನ ಒತ್ತಡ ನಿಂತಾಗ ಒಂದು, ಬಕೆಟ್ ಪರೀಕ್ಷೆ ಗೆದ್ದಾಗ ಒಂದು ಅಂತ ಮೊದಲೇ ಕಾಗದದಲ್ಲಿ ಬರೆದುಕೊಳ್ಳಿ. ಮುಚ್ಚಿಹೋಗುವ ಪ್ರತಿ ಹಂತದ ಫೋಟೊ, ಪಕ್ಕದಲ್ಲಿ ಟೇಪು ಹಿಡಿದು, ತಾರೀಖಿನ ಜೊತೆ ಇಟ್ಟುಕೊಳ್ಳಿ. ನಾಳೆ ಪೈಪು ಎಲ್ಲಿ ಹೋಗಿದೆ ಅಂತ ಹುಡುಕಲೂ ಅದೇ ಬೇಕು. ಕೊನೆಯ ಹತ್ತನೇ ಒಂದು ಪಾಲನ್ನು ಒಂದು ಮಳೆಗಾಲ ದಾಟಿದ ಮೇಲೆ ಕೊಡುವುದಾಗಿ ಮಾತಾಡಿಕೊಳ್ಳಿ. ಸೆಪ್ಟೆಂಬರಿನ ಮಳೆಗೆ ಎರೆ ಪೂರ್ತಿ ಉಬ್ಬಿರುತ್ತದೆ. ಆಗ ಕಲ್ಲುಹಾಸು, ಗೋಡೆಯ ಅಂಚು, ನೀರಿನ ಮಟ್ಟ ಮೂರನ್ನೂ ನೋಡಿ, ಸರಿ ಇದ್ದರೆ ಬಾಕಿ ಚುಕ್ತಾ ಮಾಡಿ.