ಗಂಟೆ ಎಣಿಸುವುದನ್ನು ಬಿಟ್ಟ ಮೇಲೆ

ಪದವಿ ತರಗತಿಗಳಿಗೆ ಸಂಖ್ಯಾಶಾಸ್ತ್ರ ಕಲಿಸುವವನು ನಾನು. ಸೇವಾ ಕಲಿಕೆಯನ್ನು, ಅಂದರೆ ಸಮಾಜಕ್ಕೆ ಬೇಕಾದ ಕೆಲಸ ಮಾಡುತ್ತಲೇ ಪಾಠವನ್ನೂ ಕಲಿಯುವ ಕ್ರಮವನ್ನು, ತರಗತಿಗೆ ತಂದ ಮೊದಲ ವರ್ಷ ಮಾಡಿದ ಎಡವಟ್ಟನ್ನು ಮೊದಲೇ ಹೇಳಿಬಿಡುತ್ತೇನೆ. 32 ವಿದ್ಯಾರ್ಥಿಗಳು, ತಲಾ 20 ಗಂಟೆ ಸೇವೆ, ಸಹಿ ಹಾಕಿಸಲು ಒಂದೊಂದು ಪುಸ್ತಕ, ಕೊನೆಗೆ ಎರಡು ಪುಟದ ವರದಿ. ಒಂದು ಸಾರ್ವಜನಿಕ ಗ್ರಂಥಾಲಯ ಒಪ್ಪಿಕೊಂಡಿತು. ಹೋದರು, ಕಪಾಟು ಒರೆಸಿದರು, ಪುಸ್ತಕ ಜೋಡಿಸಿದರು, ಸಹಿ ಹಾಕಿಸಿಕೊಂಡು ಬಂದರು. ವರದಿಗಳನ್ನು ಓದಲು ಕುಳಿತರೆ ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದೇ ಸಾಲು: ‘ಸಮಾಜಕ್ಕೆ ಕೈಲಾದದ್ದನ್ನು ಮಾಡಿದ ತೃಪ್ತಿ ಸಿಕ್ಕಿತು.’ ಸಂಖ್ಯಾಶಾಸ್ತ್ರದ ಸುಳಿವೇ ಇಲ್ಲ. ಕಪಾಟು ಒರೆಸಿದ್ದಕ್ಕೆ ನಾನು ಅಂಕ ಕೊಟ್ಟಿದ್ದೆ.

ಧನ್ಯವಾದ ಹೇಳಲು ಹೋದಾಗ ಗ್ರಂಥಪಾಲಕಿ ನಯವಾಗಿಯೇ ಹೇಳಿದರು: “ಮಕ್ಕಳು ಒಳ್ಳೆಯವರು ಸರ್. ಆದರೆ ಅವರು ಜೋಡಿಸಿದ್ದನ್ನು ನಾವು ಇನ್ನೊಮ್ಮೆ ಜೋಡಿಸಬೇಕಾಯಿತು.”

ಅಮೆರಿಕದಲ್ಲಿ ರಾಬರ್ಟ್ ಸಿಗ್ಮನ್ ಮತ್ತು ವಿಲಿಯಂ ರಾಮ್ಸೆ 1967ರ ಸುಮಾರಿಗೆ ಸೇವೆ, ಕಲಿಕೆ ಎಂಬೆರಡು ಮಾತುಗಳನ್ನು ಒಂದಾಗಿ ಬೆಸೆದರು. ನಾನು ಅದರಲ್ಲಿ ಅರ್ಧವನ್ನಷ್ಟೇ ಎತ್ತಿಕೊಂಡಿದ್ದೆ. ಸೇವಾ ಕಲಿಕೆಗೆಂದು ಜೆಫ್ರಿ ಹೊವಾರ್ಡ್ 1993ರಲ್ಲಿ ಪಟ್ಟಿ ಮಾಡಿದ ತತ್ವಗಳಲ್ಲಿ ಮೊದಲನೆಯದೇ, ಅಂಕ ಇರುವುದು ಕಲಿಕೆಗೆ, ಸೇವೆಗಲ್ಲ ಎಂಬುದು. ಅದನ್ನು ಮೊದಲೇ ಓದಿದ್ದೆ, ತಲೆಯಾಡಿಸಿಯೂ ಇದ್ದೆ.

ಮರುವರ್ಷ ಸೆಮಿಸ್ಟರ್ ಶುರುವಾಗುವ ಎರಡು ತಿಂಗಳ ಮುಂಚೆಯೇ ಅದೇ ಗ್ರಂಥಪಾಲಕಿಯ ಮುಂದೆ ಕುಳಿತೆ. ನಮ್ಮ ಹುಡುಗರು ಏನು ಮಾಡಬಲ್ಲರು ಎಂದು ಹೇಳಲು ಹೋಗಲಿಲ್ಲ. ನಿಮ್ಮನ್ನು ಕಾಡುವುದೇನು ಎಂದು ಕೇಳಿದೆ. ಹದಿಮೂರು ದಾಟಿದ ಮಕ್ಕಳು ಬರುವುದನ್ನೇ ನಿಲ್ಲಿಸುತ್ತಾರೆ, ಯಾಕೆಂದು ತಿಳಿದರೆ ಸಾಕು ಎಂದರು. ದತ್ತಾಂಶ ಸಂಗ್ರಹ, ಮಾದರಿ ಆಯ್ಕೆ, ಪ್ರಶ್ನಾವಳಿ: ನನ್ನ ಪಠ್ಯದ ಅರ್ಧ ಭಾಗ ಆ ಒಂದು ದೂರಿನಲ್ಲಿತ್ತು. ಜಾಗ ಮಾಡಿಕೊಳ್ಳಲು ಎರಡು ಮನೆಗೆಲಸಗಳನ್ನೂ ಒಂದು ಕಿರುಪರೀಕ್ಷೆಯನ್ನೂ ಕೈಬಿಟ್ಟೆ. ಹಳೆಯದನ್ನೆಲ್ಲ ಇಟ್ಟುಕೊಂಡು ಅದರ ಮೇಲೆ ಸೇವೆಯನ್ನೂ ಹೇರಿದರೆ ವಿದ್ಯಾರ್ಥಿಗಳು ಶಪಿಸುತ್ತಾರೆ, ಅದು ನ್ಯಾಯವೂ ಹೌದು.

ಮೂರನೆಯ ವಾರ ಒಂದು ತಂಡ ಬಣ್ಣಬಣ್ಣದ ಸ್ತಂಭ ನಕ್ಷೆ ಹಿಡಿದು ಬಂದಿತು. ಗ್ರಂಥಾಲಯದಲ್ಲಿ ಕುಳಿತಿದ್ದ 60 ಓದುಗರನ್ನು ‘ಇಲ್ಲಿನ ಸಮಯ ನಿಮಗೆ ಅನುಕೂಲವೇ?’ ಎಂದು ಕೇಳಿದ್ದರು. 54 ಮಂದಿ ಹೌದು ಎಂದಿದ್ದರು. ಗ್ರಂಥಪಾಲಕಿ ಕನ್ನಡಕ ಹಾಕಿಕೊಂಡು ನಕ್ಷೆಯನ್ನು ನೋಡಿದರು. ಆಮೇಲೆ ತಂಡದ ಮುಂದಾಳು ಹುಡುಗಿಗೆ, “ಅನುಕೂಲ ಇಲ್ಲದವರು ಇಲ್ಲಿಗೆ ಬರುವುದೇ ಇಲ್ಲವಲ್ಲ ತಾಯಿ” ಎಂದರು. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಹಾಳೆಯನ್ನು ಮಗುಚಿ, ಅದರ ಬೆನ್ನಿಗೆ ‘ಬರದವರನ್ನು ಹುಡುಕುವುದು ಹೇಗೆ?’ ಎಂದು ಬರೆದುಕೊಂಡಳು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಂಖ್ಯಾಶಾಸ್ತ್ರಜ್ಞ ಅಬ್ರಹಾಂ ವಾಲ್ಡ್ ಮರಳಿ ಬಂದ ವಿಮಾನಗಳಿಗೆ ಬಿದ್ದ ಪೆಟ್ಟುಗಳಿಂದ, ಬಾರದೆ ಹೋದ ವಿಮಾನಗಳ ಬಗ್ಗೆ ಲೆಕ್ಕ ಹಾಕಿದ ಕಥೆಯನ್ನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಿದ್ದೆ. ಮಕ್ಕಳು ಕೇಳಿ ಖುಷಿಪಡುತ್ತಿದ್ದರು, ಪರೀಕ್ಷೆಯಲ್ಲಿ ಮರೆಯುತ್ತಿದ್ದರು. ಆ ವರ್ಷ ಒಬ್ಬರೂ ಮರೆಯಲಿಲ್ಲ.

ಬರದವರ ಫೋನ್ ಸಂಖ್ಯೆ ಕೊಡಿ ಎಂದು ವಿದ್ಯಾರ್ಥಿಗಳು ದುಂಬಾಲು ಬಿದ್ದರು. ನಾನು ಒಪ್ಪಲಿಲ್ಲ. ಪುಸ್ತಕ ಒಯ್ದವರ ರಿಜಿಸ್ಟರ್‌ನಲ್ಲಿ ಹೆಸರುಗಳನ್ನು ತೆಗೆದು ಸಂಕೇತ ಸಂಖ್ಯೆ ಹಾಕಿದ ಪ್ರತಿಯನ್ನು ಗ್ರಂಥಾಲಯದವರೇ ತಯಾರಿಸಿಕೊಟ್ಟರು. ಮೂರು ವರ್ಷದ ಕೈಬರಹದ ರಿಜಿಸ್ಟರ್, ಅನೇಕ ಕಡೆ ಪುಸ್ತಕ ಹಿಂದಿರುಗಿಸಿದ ದಿನಾಂಕವೇ ಇಲ್ಲ. ಪುಸ್ತಕ ಕಳೆದುಹೋಯಿತೋ, ಬರೆಯುವವರು ಮರೆತರೋ? ಖಾಲಿ ಬಿಟ್ಟ ಜಾಗಕ್ಕೆ ಸೊನ್ನೆ ಹಾಕಬಾರದೇಕೆ ಎಂದು ನಾನು ವಿವರಿಸಬೇಕಾಗಿಯೇ ಬರಲಿಲ್ಲ, ಅವರವರಲ್ಲೇ ಜಗಳವಾಗಿ ಇತ್ಯರ್ಥವಾಯಿತು. ಕೊನೆಗೆ ಸಿಕ್ಕ ಎಳೆ ಇದು: ಮಕ್ಕಳು ಕೊನೆಯ ಸಲ ಪುಸ್ತಕ ಒಯ್ದ ದಿನಾಂಕಗಳು ಹದಿಮೂರನೆಯ ಹುಟ್ಟುಹಬ್ಬದ ಹಿಂದೆಮುಂದೆ ಗುಂಪುಗಟ್ಟಿದ್ದವು. ಎಲ್ಲರೂ ಮೊಬೈಲನ್ನು ಬೈಯಲು ಸಿದ್ಧರಾಗಿದ್ದರು. ನೋಡಿದರೆ, ಮಕ್ಕಳ ಕಾರ್ಡಿನ ಅವಧಿ ಅಂದಿಗೆ ಮುಗಿಯುತ್ತಿತ್ತು; ದೊಡ್ಡವರ ಕಾರ್ಡಿಗೆ ಜಾಮೀನುದಾರರ ಸಹಿ ಬೇಕಿತ್ತು. ನಿಯಮ ಇಂದಿಗೂ ಬದಲಾಗಿಲ್ಲ. ಆದರೆ ಗ್ರಂಥಪಾಲಕಿ ಈಗ ಹುಟ್ಟುಹಬ್ಬಕ್ಕೆ ಒಂದು ತಿಂಗಳ ಮೊದಲೇ ಅರ್ಜಿಯನ್ನು ಪುಸ್ತಕದೊಳಗಿಟ್ಟು ಕಳಿಸುತ್ತಾರೆ.

ವರದಿಯನ್ನೂ ಬದಲಿಸಿದೆ. ‘ಏನನ್ನಿಸಿತು?’ ಎಂದು ಕೇಳಿದರೆ ತೃಪ್ತಿ, ಧನ್ಯತೆಗಳೇ ಬರುತ್ತವೆ. ಈಗ ವಾರಕ್ಕೊಂದು ಪುಟ, ತರಗತಿಯಲ್ಲೇ, 15 ನಿಮಿಷ: ಏನು ನಡೆಯಿತು, ಪಾಠದ ಯಾವ ಮಾತಿಗೆ ಅದು ತಾಳೆಯಾಯಿತು, ಎಲ್ಲಿ ತಾಳೆಯಾಗಲಿಲ್ಲ, ಇನ್ನೊಮ್ಮೆಯಾದರೆ ಏನು ಬದಲಿಸುತ್ತೀರಿ. ‘ಎಲ್ಲಿ ತಾಳೆಯಾಗಲಿಲ್ಲ’ ಎಂಬುದಕ್ಕೆ ಬರುವ ಉತ್ತರವನ್ನು ಓದಿದರೆ ಯಾರಿಗೆ ಎಷ್ಟು ಅರ್ಥವಾಗಿದೆ ಎಂದು ತಿಳಿದುಬಿಡುತ್ತದೆ. ನೂರಕ್ಕೆ 30 ಅಂಕ ಈ ಪುಟಗಳಿಗೂ ಅಂತಿಮ ವಿಶ್ಲೇಷಣೆಗೂ, ಗಂಟೆಗಳಿಗೆ ಸೊನ್ನೆ. ಎಲ್ಲರಿಗಿಂತ ಹೆಚ್ಚು ದಿನ ಹೋಗಿಬಂದ ಒಬ್ಬ ಹುಡುಗನಿಗೆ ಕಡಿಮೆ ಅಂಕ ಬಂತು. “ನಾನು ಒಂದು ದಿನವೂ ತಪ್ಪಿಸಲಿಲ್ಲ ಸರ್” ಎಂದ. ಅಂಕ ಹೆಚ್ಚಿಸಲಿಲ್ಲ. ಅವನ ಮುಖ ನೆನಪಾದರೆ ಇಂದಿಗೂ ಕಸಿವಿಸಿಯಾಗುತ್ತದೆ.

ಸೆಮಿಸ್ಟರ್ ಮುಗಿದರೂ ಗ್ರಂಥಾಲಯದ ಕೆಲಸ ಮುಗಿಯುವುದಿಲ್ಲ, ಇದಕ್ಕೆ ನನ್ನಲ್ಲಿ ಪೂರ್ತಿ ಪರಿಹಾರವಿಲ್ಲ. ಪ್ರತಿ ತಂಡವೂ ಮುಂದಿನವರಿಗೆ ಒಂದು ನೋಟ್‌ಬುಕ್ ಬಿಟ್ಟುಹೋಗುತ್ತದೆ: ಯಾವ ಕಾಲಂನಲ್ಲಿ ಏನಿದೆ, ಯಾವುದು ಬಾಕಿ. ಈ ವರ್ಷದವರು ಅದನ್ನು ತೆರೆದ ಎರಡನೆಯ ದಿನವೇ, ಹಿಂದಿನವರು ಕೆಲವು ದಿನಾಂಕಗಳಲ್ಲಿ ದಿನವನ್ನೂ ತಿಂಗಳನ್ನೂ ಅದಲುಬದಲು ಮಾಡಿದ್ದನ್ನು ಪತ್ತೆ ಹಚ್ಚಿದರು. ಎಲ್ಲವನ್ನೂ ತಿದ್ದಿ ಮತ್ತೆ ಲೆಕ್ಕ ಹಾಕಿದರು. ಹುಟ್ಟುಹಬ್ಬದ ಗುಂಪು ಉಳಿಯಿತು, ಮೊದಲಿಗಿಂತ ತುಸು ತೆಳುವಾಗಿ. ಗ್ರಂಥಪಾಲಕಿಗೆ ಅದನ್ನು ಹೇಳಲು ನಾನು ಹೋಗಲಿಲ್ಲ, ವಿದ್ಯಾರ್ಥಿಗಳೇ ಹೋದರು.