ಪೈಪೋಟಿದಾರರು ಸೇರಿ ಒಂದು ಲೋಡು ರಟ್ಟಿನ ಪೆಟ್ಟಿಗೆ ಕೊಂಡರು: ಉದ್ಯಮ ತರಬೇತಿಯಲ್ಲಿ ನನ್ನ ಅನುಭವ

ಸಣ್ಣ ಉದ್ಯಮಿಗಳಿಗೆ ತರಬೇತಿ ಕೊಡುವ ನಮ್ಮಲ್ಲಿ ಒಂದು ಮಾತು ಗಟ್ಟಿಯಾಗಿ ಬೇರೂರಿದೆ. ವ್ಯಾಪಾರ ಮಾಡುವವರು ಒಬ್ಬರನ್ನೊಬ್ಬರು ನಂಬುವುದಿಲ್ಲ, ಅವರನ್ನು ಸೇರಿಸಿ ಕೆಲಸ ಮಾಡಿಸುವುದು ಆಗದ ಮಾತು, ಒಬ್ಬೊಬ್ಬರ ಕೈಯಲ್ಲೂ ಒಂದು ಪ್ರಾಜೆಕ್ಟ್ ರಿಪೋರ್ಟ್ ಬರೆಸಿ ಕಳಿಸಿದರೆ ಸಾಕು ಅಂತ. ನಾನು ಇದನ್ನು ಯಾವತ್ತೂ ಒಪ್ಪಲಿಲ್ಲ. ನನ್ನ ಮೂರನೇ ಬ್ಯಾಚಿನವರು ತರಬೇತಿ ಮುಗಿದು ಎರಡು ವರ್ಷವಾದರೂ ಒಟ್ಟಿಗೆ ಖರೀದಿ ಮಾಡುತ್ತಿದ್ದಾರೆ. ಅವರಲ್ಲಿ ಒಂದೇ ಮಾಲು ಮಾಡಿ ಒಂದೇ ಗಿರಾಕಿಗೆ ಮಾರುವ ಇಬ್ಬರೂ ಇದ್ದಾರೆ. "ಆರು ತಿಂಗಳಲ್ಲಿ ಒಡೆದು ಹೋಗುತ್ತೆ ನೋಡಿ" ಎಂದಿದ್ದವರೇ ಈಗ ನಮ್ಮ ನಿಯಮದ ಹಾಳೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲಿ ಬರೆಯುತ್ತಿದ್ದೇನೆ.

ತರಬೇತಿಗಳಲ್ಲಿ ಮಾಮೂಲಾದ ರಿಂಗ್ ಟಾಸ್, ಟವರ್ ಕಟ್ಟುವ ಆಟ, ವ್ಯಾಪಾರದ ಯೋಜನೆಯನ್ನು ಒಂದೇ ಹಾಳೆಯಲ್ಲಿ ಬರೆಸುವ ಬಿಸಿನೆಸ್ ಮಾಡೆಲ್ ಕ್ಯಾನ್ವಾಸ್ ಇವನ್ನೆಲ್ಲ ವಿವರಿಸಲು ಹೋಗುವುದಿಲ್ಲ, ನೀವೂ ಮಾಡಿಸುತ್ತೀರಿ. 1960ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲ್ಯಾಂಡ್ ಆಂಧ್ರದ ಕಾಕಿನಾಡದ ವ್ಯಾಪಾರಿಗಳಿಗೆ ಕೊಟ್ಟ ತರಬೇತಿಯ ನೆರಳು ನಮ್ಮೆಲ್ಲರ ಪಾಠಗಳ ಮೇಲೂ ಇದೆ. ಮನುಷ್ಯನೊಳಗೆ ಸಾಧಿಸುವ ಹಂಬಲ ಎಬ್ಬಿಸಬೇಕು ಅನ್ನುವುದು ಅದರ ತಿರುಳು. ಒಳ್ಳೆಯದೇ. ಆದರೆ ಆ ಪಾಠದಲ್ಲಿ ಇರುವುದು ಒಬ್ಬನೇ ಮನುಷ್ಯ. ಪಕ್ಕದ ಶೆಡ್ಡಿನವನು ಎಲ್ಲೂ ಬರುವುದಿಲ್ಲ. ಸಣ್ಣ ಉದ್ಯಮ ಮುಳುಗುವುದು ಹೆಚ್ಚಾಗಿ ಹಂಬಲ ಕಡಿಮೆಯಾಗಿ ಅಲ್ಲ. ಕಚ್ಚಾ ಮಾಲು ದುಬಾರಿಗೆ ಕೊಂಡು, ಅರ್ಧ ಖಾಲಿ ಲಾರಿಗೆ ಪೂರ್ತಿ ಬಾಡಿಗೆ ಕೊಟ್ಟು, ದೊಡ್ಡ ಆರ್ಡರ್ ಬಂದಾಗ ಒಬ್ಬನಿಂದ ಆಗದೆ ಕೈಬಿಟ್ಟು ಮುಳುಗುತ್ತವೆ.

ಮೊದಲ ಬ್ಯಾಚಿನಲ್ಲಿ ಎಲ್ಲರೂ ಹೇಳುವ ದಾರಿಯಲ್ಲೇ ಹೋದೆವು. ಹತ್ತು ಹನ್ನೆರಡು ಜನ, ಒಂದೇ ಬ್ರ್ಯಾಂಡ್, ಒಟ್ಟಿಗೆ ಮಾರಾಟ. ಲೋಗೋ ಚೆನ್ನಾಗಿ ಬಂತು, ಹುರುಪೂ ಜೋರಾಗಿತ್ತು. ಮೊದಲ ದೊಡ್ಡ ಆರ್ಡರ್‌ನಲ್ಲೇ ಒಬ್ಬರ ಮಾಲು ಸಡಿಲವಾಗಿ ಬಂದು ಇಡೀ ಲಾಟು ವಾಪಸಾಯಿತು. ಯಾರ ಮಾಲು ಯಾವುದು ಅಂತ ಗುರುತೇ ಇರಲಿಲ್ಲ. ನಷ್ಟವನ್ನು ಸಮನಾಗಿ ಹಂಚಿ ಎಂದರು ಅರ್ಧ ಜನ. ಸರಿಯಾಗಿ ಮಾಡಿದ ನಾವೇಕೆ ಕೊಡಬೇಕು ಎಂದರು ಉಳಿದವರು. ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ಒಟ್ಟು ಹಾಕಿದ ಹಣದಲ್ಲಿ ಮೂರರಲ್ಲಿ ಒಂದು ಪಾಲು ಹೋಯಿತು, ಗುಂಪೂ ಹೋಯಿತು. ಬ್ರ್ಯಾಂಡಿಗೆ, ಬ್ರೋಷರಿಗೆ, ಮೇಳದ ಸ್ಟಾಲಿಗೆ ಸುರಿದದ್ದು ಅದರಲ್ಲಿ ದೊಡ್ಡ ಪಾಲು.

ಎರಡನೇ ಬ್ಯಾಚಿನಲ್ಲಿ, ಮೊದಲು ಮನಸ್ಸು ತಯಾರಾಗಲಿ ಎಂದು ಆಟಗಳನ್ನು ಜಾಸ್ತಿ ಇಟ್ಟೆ. ಸುಮಾರು 1960ರ ಹೊತ್ತಿಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಬಿಯರ್ ಗೇಮ್ ಆಡಿಸಿದೆ. ಅಂಗಡಿಯವನ ಬೇಡಿಕೆ ಸ್ವಲ್ಪ ಏರಿದರೆ ಕಾರ್ಖಾನೆಯವನ ಹತ್ತಿರ ಮಾಲು ಬೆಟ್ಟದಷ್ಟು ಬೀಳುವ ಆಟ. ಎಲ್ಲರಿಗೂ ಇಷ್ಟವಾಯಿತು. ಆಮೇಲೆ ಕೈದಿಗಳ ಆಟ, ಹತ್ತು ಸುತ್ತು: ಇಬ್ಬರೂ ನಂಬಿದರೆ ಇಬ್ಬರಿಗೂ ಲಾಭ, ಒಬ್ಬನೇ ಕೈಕೊಟ್ಟರೆ ಅವನಿಗೆ ಹೆಚ್ಚು ಲಾಭ, ಇಬ್ಬರೂ ಕೈಕೊಟ್ಟರೆ ಇಬ್ಬರಿಗೂ ನಷ್ಟ. 1980ರ ಹೊತ್ತಿಗೆ ಅಮೆರಿಕದ ರಾಜಕೀಯ ವಿಜ್ಞಾನಿ ರಾಬರ್ಟ್ ಆಕ್ಸೆಲ್‌ರಾಡ್ ಇದನ್ನೇ ಕಂಪ್ಯೂಟರಿನಲ್ಲಿ ಸ್ಪರ್ಧೆಯಾಗಿ ನಡೆಸಿದಾಗ, ಗಣಿತಜ್ಞ ಅನಟೋಲ್ ರಾಪೊಪೋರ್ಟ್ ಕಳಿಸಿದ ತೀರಾ ಸರಳ ಉಪಾಯ ಗೆದ್ದಿತ್ತು. ಮೊದಲು ನಂಬು, ಆಮೇಲೆ ಎದುರಿನವನು ಮಾಡಿದ್ದನ್ನೇ ಮಾಡು, ಅಷ್ಟೇ. ನಮ್ಮವರೂ ಐದಾರು ಸುತ್ತಿನೊಳಗೆ ಅಲ್ಲಿಗೇ ಬಂದರು. ನನಗೆ ಬಹಳ ಖುಷಿಯಾಯಿತು. ಮುಂದಿನ ವಾರ ಅದೇ ಆಟದಲ್ಲಿ ಕೈಕುಲುಕಿದ ಇಬ್ಬರು ಒಂದೇ ಗಿರಾಕಿಯ ಹತ್ತಿರ ಹೋಗಿ, ಒಬ್ಬರಿಗಿಂತ ಒಬ್ಬರು ಕಡಿಮೆ ಕೊಟೇಶನ್ ಕೊಟ್ಟು, ಇಬ್ಬರೂ ಲಾಭ ಕಳೆದುಕೊಂಡರು. ಆಟದಲ್ಲಿ ಕಳೆದುಕೊಳ್ಳಲು ಅವರ ಸ್ವಂತ ದುಡ್ಡು ಇರಲಿಲ್ಲ, ಅಲ್ವಾ? ಅಂದಿನಿಂದ ಆಟಗಳನ್ನು ಒಂದು ಮಧ್ಯಾಹ್ನಕ್ಕೆ ಇಳಿಸಿದ್ದೇನೆ.

ಇಷ್ಟರಲ್ಲಿ ತರಬೇತಿಗೆ ಹಣ ಕೊಡುತ್ತಿದ್ದ ಪ್ರಾಯೋಜಕರು ಹಿಂದೆ ಸರಿದರು. ಅವರಿಗೆ ಬೇಕಾದದ್ದು ಎಷ್ಟು ಜನಕ್ಕೆ ತರಬೇತಿ ಆಯಿತು ಎಂಬ ಲೆಕ್ಕ. ಬ್ಯಾಚಿಗೆ ಮೂವತ್ತು ಜನ ತೋರಿಸಿ ಅನ್ನುತ್ತಿದ್ದರು. ನನ್ನ ಹತ್ತಿರ ಇದ್ದದ್ದು ಅದರ ಮೂರನೇ ಒಂದು ಭಾಗ. ಮೂರನೇ ಬ್ಯಾಚನ್ನು ನನ್ನ ಕೈಯಿಂದಲೇ ನಡೆಸಿದೆ. ನಾಲ್ಕೈದು ತಿಂಗಳ ದುಡಿಮೆ ಅದಕ್ಕೆ ಹೋಯಿತು. ಫೀಸು ತೆಗೆದುಕೊಳ್ಳಲಿಲ್ಲ. ಮೊದಲ ವರ್ಷ ಗುಂಪಿಗೆ ಎಷ್ಟು ಉಳಿತಾಯವಾಗುತ್ತದೋ ಅದರಲ್ಲಿ ನೂರಕ್ಕೆ ಹತ್ತು ನನಗೆ, ಉಳಿಯದಿದ್ದರೆ ಏನೂ ಬೇಡ ಎಂದೆ. ಈ ಮಾತಿನಿಂದಲೇ ಅರ್ಧ ಅನುಮಾನ ಹೋಯಿತು. ವರ್ಷದ ಕೊನೆಗೆ ನಾನು ಹಾಕಿದ್ದು ಹೆಚ್ಚೂಕಮ್ಮಿ ವಾಪಸ್ ಬಂತು.

ಈ ಸಲ ಮಾರಾಟದ ಮಾತೇ ಎತ್ತಲಿಲ್ಲ. ಖರೀದಿಯಿಂದ ಶುರು ಮಾಡಿದೆ. ಅದೂ ಯಾರಿಗೂ ಗುಟ್ಟಿಲ್ಲದ ವಸ್ತು: ರಟ್ಟಿನ ಪೆಟ್ಟಿಗೆ. ಎಲ್ಲರಿಗೂ ಬೇಕು, ಯಾರ ಕಸುಬಿನ ರಹಸ್ಯವೂ ಅದರಲ್ಲಿಲ್ಲ. ಯಂತ್ರದ ಬಿಡಿಭಾಗ ಮಾಡುವವರು, ಪ್ಲಾಸ್ಟಿಕ್ ಡಬ್ಬಿ ಮಾಡುವವರು, ಸೋಪು ಮಾಡುವವರು ಎಲ್ಲರೂ ಇದ್ದ ಗುಂಪು ಅದು.

ಮೊದಲ ದಿನ ಎಲ್ಲರೂ ಮೂರು ತಿಂಗಳ ಪೆಟ್ಟಿಗೆ ಬಿಲ್ಲುಗಳನ್ನು ಮುಚ್ಚಿದ ಕವರಿನಲ್ಲಿ ತಂದುಕೊಟ್ಟರು. ಹೆಸರು ತೆಗೆದು, ಬರೀ ಅಳತೆ ಮತ್ತು ದರವನ್ನು ಬೋರ್ಡಿನ ಮೇಲೆ ಬರೆದೆ. ಕೋಣೆ ಗಪ್‌ಚಿಪ್. ಹೆಚ್ಚು ಕಡಿಮೆ ಅದೇ ಪೆಟ್ಟಿಗೆಗೆ, ಅದೇ ಸರಬರಾಜುದಾರನಿಗೆ, ಒಬ್ಬರು ಇನ್ನೊಬ್ಬರಿಗಿಂತ ನೂರಕ್ಕೆ ಹದಿನೈದು ಇಪ್ಪತ್ತು ಜಾಸ್ತಿ ಕೊಡುತ್ತಿದ್ದರು. ಯಾರು ಯಾವುದು ಅಂತ ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಆದರೆ ಮಧ್ಯಾಹ್ನದ ಹೊತ್ತಿಗೆ "ಒಟ್ಟಿಗೆ ತಗೊಂಡ್ರೆ ಏನಾಗುತ್ತೆ ಸರ್?" ಎಂಬ ಪ್ರಶ್ನೆ ಅವರ ಬಾಯಿಂದಲೇ ಬಂತು. ಸಹಕಾರದ ಬಗ್ಗೆ ನಾನು ಒಂದು ಮಾತೂ ಆಡಿರಲಿಲ್ಲ. ಆ ದಿನ ಯಾರನ್ನು ಯಾರ ಪಕ್ಕ ಕೂರಿಸುತ್ತೇನೆ ಎನ್ನುವುದರಲ್ಲೂ ಒಂದು ಲೆಕ್ಕವಿದೆ. ಅದು ನನ್ನ ಹತ್ತಿರವೇ ಇರಲಿ.

ಮುಂದಿನ ತೊಡಕು ಅಳತೆ. ಎಲ್ಲರದ್ದೂ ಸೇರಿ ಇಪ್ಪತ್ತಕ್ಕೂ ಹೆಚ್ಚು ಅಳತೆಗಳಿದ್ದವು. ಹೀಗಿದ್ದರೆ ಒಟ್ಟಿಗೆ ಕೊಂಡರೂ ಪೆಟ್ಟಿಗೆ ಕಾರ್ಖಾನೆಗೆ ಲಾಭವಿಲ್ಲ, ಪ್ರತಿ ಅಳತೆಗೂ ಯಂತ್ರ ಹೊಂದಿಸಬೇಕು. ಕೂತು ಜಗಳವಾಡಿ ಆರೇಳು ಅಳತೆಗೆ ಇಳಿಸಿದರು. ಮುದ್ರಣವನ್ನೂ ಬಿಟ್ಟರು. ಖಾಲಿ ಪೆಟ್ಟಿಗೆ ಒಂದೇ, ಮೇಲೆ ಅವರವರ ಲೇಬಲ್. ಅಚ್ಚಿನ ಬ್ಲಾಕಿನ ಖರ್ಚು ಪೂರ್ತಿ ಉಳಿಯಿತು. ಒಬ್ಬರ ಮಾಲು ಮಾತ್ರ ಹೊಸ ಅಳತೆಯಲ್ಲಿ ಅಲುಗಾಡುತ್ತಿತ್ತು. ಒಳಗೆ ತುಂಬಲು ಕಾಗದ, ಜಾಗ ಜಾಸ್ತಿಯಾದ್ದಕ್ಕೆ ಬಾಡಿಗೆ, ಎರಡೂ ಸೇರಿ ಅವರ ಉಳಿತಾಯವನ್ನೇ ತಿಂದುಹಾಕಿತು. ಅವರಿಗೆ ಹಳೇ ಅಳತೆಯೇ ಇರಲಿ ಎಂದು ಬಿಟ್ಟೆವು. ಎಲ್ಲರನ್ನೂ ಎಲ್ಲದರಲ್ಲೂ ಸೇರಿಸಲೇಬೇಕು ಎಂದು ಹಟ ಹಿಡಿದರೆ ಗುಂಪು ಉಳಿಯುವುದಿಲ್ಲ.

ಮೊದಲ ಲೋಡು ಬಂದಾಗ ದರ ನಿಜಕ್ಕೂ ಇಳಿದಿತ್ತು. ಪೆಟ್ಟಿಗೆಯೂ ಮೆತ್ತಗಾಗಿತ್ತು! ತ್ರೀ ಪ್ಲೈ, ಅಂದರೆ ಮೂರು ಪದರ, ಹಾಗೇ ಇತ್ತು, ಆದರೆ ಕಾಗದದ ಜಿಎಸ್ಎಂ, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎನ್ನುವ ತೂಕ, ಇಳಿಸಿದ್ದರು. ಕಣ್ಣಿಗೆ ಕಾಣುವುದಿಲ್ಲ. ಗುಂಪಿನ ಒಬ್ಬರು ಹಳೇ ಪೆಟ್ಟಿಗೆ, ಹೊಸ ಪೆಟ್ಟಿಗೆ ಎರಡನ್ನೂ ತಕ್ಕಡಿಗೆ ಹಾಕಿದರು. ನೂರಕ್ಕೆ ಹತ್ತರಷ್ಟು ತೂಕ ಕಡಿಮೆ. ಅಂದಿನಿಂದ ಖರೀದಿ ಪತ್ರದಲ್ಲಿ ಖಾಲಿ ಪೆಟ್ಟಿಗೆಯ ತೂಕ ಬರೆಯುತ್ತೇವೆ. ಬಂದ ಲೋಡಿನಲ್ಲಿ ಹತ್ತನ್ನು ಎತ್ತಿ ತೂಗುತ್ತೇವೆ, ಒದ್ದೆ ಇದ್ದರೆ ಒಣಗಿಸಿ ತೂಗುತ್ತೇವೆ. ತೇವಕ್ಕೂ ತೂಕ ಬರುತ್ತದೆ, ಮರೆಯಬೇಡಿ. ಕೊಟೇಶನ್ ಓದುವುದು ಹೇಗೆ ಎಂದು ನಾನು ವರ್ಷಗಟ್ಟಲೆ ಸ್ಲೈಡ್ ಹಾಕಿ ಹೇಳಿದ್ದಕ್ಕಿಂತ ಆ ತಕ್ಕಡಿ ಚೆನ್ನಾಗಿ ಕಲಿಸಿತು. ಇದೆಲ್ಲ ಸರಿಯಾದ ಮೇಲೆ ಪೆಟ್ಟಿಗೆಗೆ ನೂರು ಖರ್ಚು ಮಾಡುತ್ತಿದ್ದವರಿಗೆ ಎಂಬತ್ತಾರು, ಎಂಬತ್ತೇಳು ಬೀಳತೊಡಗಿತು. ಆ ಉಳಿತಾಯದಲ್ಲಿ ಅರ್ಧದಷ್ಟು ಒಟ್ಟಿಗೆ ಕೊಂಡದ್ದರಿಂದ, ಮಿಕ್ಕದ್ದು ಅಳತೆಗಳ ಸಂಖ್ಯೆ ಕಡಿಮೆ ಮಾಡಿದ್ದರಿಂದ.

ಹಣದ ನಿಯಮ ಮಾತ್ರ ಕಲ್ಲಿನಷ್ಟು ಗಟ್ಟಿ. ಹಣ ಮೊದಲು, ಮಾಲು ಆಮೇಲೆ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ನೇಕಾರರು, ಇತರ ಕೆಲಸಗಾರರು ಸೇರಿ ಸಹಕಾರಿ ಅಂಗಡಿ ತೆರೆದಾಗಲೂ ಉದ್ರಿ ಇಲ್ಲ ಎಂದೇ ಶುರು ಮಾಡಿದ್ದರು. ಪ್ರತಿಯೊಬ್ಬರದ್ದೂ ಒಂದು ತಿಂಗಳ ಖರೀದಿಯಷ್ಟು ಠೇವಣಿ. ಹಣ ತಡವಾದರೆ ದಂಡವಿಲ್ಲ, ಮಾತಿಲ್ಲ, ಅವರ ಪಾಲಿನ ಮಾಲು ಮಾತ್ರ ಕೈಗೆ ಸಿಗುವುದಿಲ್ಲ. ಬಿಟ್ಟು ಹೋಗುವವರು ಒಂದು ತಿಂಗಳು ಮೊದಲು ಹೇಳಬೇಕು, ಬಾಕಿ ಕಳೆದು ಠೇವಣಿ ವಾಪಸ್. ಈ ಬಿಟ್ಟು ಹೋಗುವ ನಿಯಮವನ್ನು ಎಲ್ಲಕ್ಕಿಂತ ಮೊದಲು ಬರೆಸಿದೆ. ಶುರುವಿನಲ್ಲೇ ಅಪಶಕುನ ಯಾಕೆ ಎಂದು ಕೆಲವರು ಮುನಿಸಿಕೊಂಡರು. ಆದರೆ ಹೊರಗೆ ಹೋಗುವ ಬಾಗಿಲು ಕಾಣಿಸಿದ ಮೇಲೇ ಒಳಗೆ ಬರುವ ಧೈರ್ಯ ಬರುವುದು. ಆರ್ಡರ್ ಕೊಡುವವರು ಒಬ್ಬರು, ಹಣ ಕೊಡುವವರು ಇನ್ನೊಬ್ಬರು, ಮೂರು ತಿಂಗಳಿಗೊಮ್ಮೆ ಬದಲು. ಹೀಗೆ ಒಂದೆರಡು ವರ್ಷದಲ್ಲಿ ಎಲ್ಲರೂ ಲೆಕ್ಕ ಬರೆಯಲು ಕಲಿತರು.

ನಡುವೆ ಲಾರಿಯ ಪ್ರಯೋಗವೊಂದು ನಡೆಯಿತು. ಪೆಟ್ಟಿಗೆಯಲ್ಲಿ ಗೆದ್ದ ಹುರುಪಿಗೆ ಮೂವರು ಒಂದೇ ಲಾರಿಯಲ್ಲಿ ಮಾಲು ಕಳಿಸೋಣ ಎಂದರು. ಬಾಡಿಗೆ ಹಂಚುವುದು ಹೇಗೆ? ತೂಕದ ಮೇಲೆ ಹಂಚಿದರೆ ಕಬ್ಬಿಣದವರಿಗೆ ಪೆಟ್ಟು. ಜಾಗದ ಮೇಲೆ ಹಂಚಿದರೆ ಪ್ಲಾಸ್ಟಿಕ್ ಡಬ್ಬಿಯವರಿಗೆ ಪೆಟ್ಟು. ಎರಡು ವಾರ ಇದೇ ಮಾತು. ಕೊನೆಗೆ ನಿಂತ ಲೆಕ್ಕ ಇದು: ಒಬ್ಬೊಬ್ಬರೇ ಕಳಿಸಿದ್ದರೆ ಎಷ್ಟು ಕೊಡುತ್ತಿದ್ದಿರೋ ಅದೇ ಅನುಪಾತದಲ್ಲಿ ಕೊಡಿ. ಬೇರೆ ಬೇರೆ ಹೋದರೆ 50, 30, 20, ಒಟ್ಟು 100 ಆಗುತ್ತಿತ್ತು ಅಂತ ಇಟ್ಟುಕೊಳ್ಳಿ. ಸೇರಿ ಹೋದರೆ 80. ಆಗ ಅವರು ಕೊಡಬೇಕಾದ್ದು 40, 24, 16. ಎಲ್ಲರಿಗೂ ನೂರಕ್ಕೆ ಇಪ್ಪತ್ತು ಉಳಿತಾಯ. ಇದಕ್ಕಿಂತ ಸೂಕ್ಷ್ಮ ಲೆಕ್ಕಗಳಿವೆ, 1953ರಲ್ಲಿ ಗಣಿತಜ್ಞ ಲಾಯ್ಡ್ ಶಾಪ್ಲಿ ಕೊಟ್ಟ ಸೂತ್ರ ಅದರಲ್ಲಿ ಹೆಸರಾದದ್ದು. ಅದನ್ನೂ ಹಾಕಿ ತೋರಿಸಿದೆ. ಯಾರೂ ಒಪ್ಪಲಿಲ್ಲ. ಕೈಯಲ್ಲಿ ಮಾಡಿ ನೋಡಲಾಗದ ಲೆಕ್ಕಕ್ಕೆ ಯಾರೂ ಸಹಿ ಹಾಕುವುದಿಲ್ಲ. ಲಾರಿ ಈಗಲೂ ಓಡುತ್ತಿದೆ, ಆದರೆ ಪ್ರತಿ ಸಲವೂ ಅಲ್ಲ. ಮೂವರ ಮಾಲೂ ಒಂದೇ ದಿನ ಸಿದ್ಧವಾಗುವುದು ಕಷ್ಟ.

ಒಂದು ಎಚ್ಚರಿಕೆಯ ಮಾತು. ಖರೀದಿಯಲ್ಲಿ ಉಳಿತಾಯ ಕಂಡ ಮೇಲೆ "ಮಾರುವ ಬೆಲೆಯನ್ನೂ ಮಾತಾಡಿಕೊಳ್ಳೋಣ" ಎಂದು ಯಾರಾದರೂ ಹೇಳೇ ಹೇಳುತ್ತಾರೆ. ಅಲ್ಲೇ ನಿಲ್ಲಿಸಿ. ಪೈಪೋಟಿದಾರರು ಸೇರಿ ಮಾರಾಟದ ಬೆಲೆ ಗೊತ್ತುಮಾಡುವುದು ಬಹಳ ದೇಶಗಳಲ್ಲಿ ಕಾನೂನಿಗೆ ವಿರುದ್ಧ. ಭಾರತದಲ್ಲಿ ಅದಕ್ಕೆ 2002ರ ಸ್ಪರ್ಧಾ ಕಾಯ್ದೆಯೇ ಇದೆ. ನಮ್ಮ ಸಭೆಯಲ್ಲಿ ಮಾರುವ ಬೆಲೆಯ ಮಾತು ಬಂದರೆ ನಾನು ಎದ್ದು ಹೊರಗೆ ಹೋಗುತ್ತೇನೆ, ಸಭೆ ಅಲ್ಲಿಗೆ ಮುಗಿಯಿತು.

ಒಟ್ಟಿಗೆ ಮಾರುವ ಕೆಲಸಕ್ಕೆ ಕೈ ಹಾಕಿದ್ದು ಒಂದು ವರ್ಷವಾದ ಮೇಲೆ. ಒಬ್ಬರಿಗೆ ತಾನು ಮಾಡಬಲ್ಲದ್ದರ ಮೂರು ಪಟ್ಟು ಆರ್ಡರ್ ಬಂತು. ಮೊದಲಾಗಿದ್ದರೆ ಬೇಡ ಅನ್ನುತ್ತಿದ್ದರು. ಈ ಸಲ ತಮ್ಮ ಪೈಪೋಟಿದಾರನಿಗೇ ಫೋನ್ ಮಾಡಿದರು. ಗಿರಾಕಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆದರು. ಆರ್ಡರ್ ತಂದವರೇ ಮುಂದಾಳು, ಆ ಜವಾಬ್ದಾರಿಗೆ ಉಳಿದವರ ಪಾಲಿನಿಂದ ನೂರಕ್ಕೆ ಮೂರು. ಗಿರಾಕಿ ಒಪ್ಪಿದ ಮಾದರಿಯನ್ನು ಸೀಲ್ ಮಾಡಿ ಪ್ರತಿಯೊಬ್ಬರ ಶೆಡ್ಡಿನಲ್ಲೂ ಒಂದೊಂದು ಇಟ್ಟೆವು. ಪ್ರತಿ ಲಾಟಿನ ಮೇಲೂ ಮಾಡಿದವರ ಗುರುತು. ತಿರಸ್ಕಾರವಾದರೆ ಗುರುತು ಯಾರದ್ದೋ ಖರ್ಚು ಅವರದ್ದು. ಮೊದಲ ಬ್ಯಾಚನ್ನು ಮುಳುಗಿಸಿದ ಜಗಳಕ್ಕೆ ಇಲ್ಲಿ ಜಾಗವೇ ಇರಲಿಲ್ಲ. ವಾಪಸ್ ಬಂದ ಮಾಲು ಶುರುವಿನಲ್ಲಿ ನೂರಕ್ಕೆ ಎಂಟೊಂಬತ್ತು ಇತ್ತು, ನಾಲ್ಕನೇ ಲಾಟಿನ ಹೊತ್ತಿಗೆ ಎರಡು ಮೂರಕ್ಕೆ ಇಳಿಯಿತು. ಅದಕ್ಕೆ ಕಾರಣ ನನ್ನ ಪಾಠವಲ್ಲ. ಒಬ್ಬರು ತಮ್ಮ ಜಿಗ್ ಅನ್ನು, ಅಂದರೆ ಮಾಲು ಒಂದೇ ಅಳತೆಗೆ ಬರುವಂತೆ ಹಿಡಿದಿಡುವ ಸಾಧನವನ್ನು, ಇನ್ನೊಬ್ಬರ ಶೆಡ್ಡಿಗೆ ಹೊತ್ತುಕೊಂಡು ಹೋಗಿ, ಅಳತೆ ಎಲ್ಲಿ ತಪ್ಪುತ್ತಿದೆ ಎಂದು ತೋರಿಸಿ ಬಂದರು. ಪೈಪೋಟಿದಾರನಿಗೆ! ಇದನ್ನು ಕಂಡ ದಿನ ನನ್ನ ಇಷ್ಟು ವರ್ಷದ ಕೆಲಸಕ್ಕೆ ಬೆಲೆ ಬಂತು ಅನ್ನಿಸಿತು.

ಆ ಆರ್ಡರಿಗೆ ಗಿರಾಕಿಯಿಂದ ಅರವತ್ತು ದಿನಕ್ಕೆ ಬರಬೇಕಾದ ಹಣ ತೊಂಬತ್ತು ದಿನ ದಾಟಿ, ತುಂಡು ತುಂಡಾಗಿ ಬಂತು. ಬಂದ ಪ್ರತಿ ಕಂತನ್ನೂ ಅವರವರ ಪಾಲಿನ ಪ್ರಕಾರ ಅಂದೇ ಹಂಚಿದರು. ಮುಂದಾಳು ಮೊದಲು ತನ್ನದನ್ನು ತೀರಿಸಿಕೊಂಡಿದ್ದರೆ ಎಲ್ಲ ಮುಗಿಯುತ್ತಿತ್ತು. ಆ ನಡುವಿನ ತಿಂಗಳುಗಳಲ್ಲಿ ಕೈ ಹಿಡಿದದ್ದು ಪೆಟ್ಟಿಗೆಯ ಉಳಿತಾಯದಿಂದ ಕಟ್ಟಿದ ನಿಧಿ. ಉಳಿತಾಯದ ಅರ್ಧವನ್ನು ಎಲ್ಲರೂ ಅಲ್ಲೇ ಬಿಟ್ಟಿದ್ದರು. ಹಾಗೆ ಬಿಡುವಂತೆ ಒಪ್ಪಿಸಿದ್ದು ಹೇಗೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಮುಂದಿನ ಬ್ಯಾಚಿಗೂ ಅದು ಕೆಲಸಕ್ಕೆ ಬರಬೇಕು.

ನೀವೂ ಮಾಡಿ ನೋಡುವುದಾದರೆ ಎಂಟರಿಂದ ಹನ್ನೆರಡು ಜನ ಸಾಕು. ಮೊದಲ ಕರೆಯಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಕೇಳಬೇಡಿ. ಮೂರು ತಿಂಗಳ ಖರೀದಿ ಬಿಲ್ಲು, ಠೇವಣಿಯ ಚೆಕ್ಕು, ಮಾಲು ತುಂಬುವ ಒಂದು ಖಾಲಿ ಪೆಟ್ಟಿಗೆ ತರಲು ಹೇಳಿ. ತಕ್ಕಡಿ ನೀವೇ ಇಟ್ಟುಕೊಂಡಿರಿ.